ಡಂಬಳದ ಪುಟ

“ಒಂದು ಸಾಲಾದ್ರೂ ಬರೀಲಿಲ್ಲಂದ್ರ ಮುಂದಿನ ಐತವಾರ ಎಲ್ಲಿಗೂ ಕರ್ಕೊಂಡು ಹೋಗಂಗಿಲ್ಲ ನೋಡು!” ಡಂಬಳದ ಕೆರೆಯ ಏರಿಯ ಮೇಲೆ ಇನ್ನೂ ಬುತ್ತಿ ಬಿಚ್ಚಿರಲಿಲ್ಲ, ಕನ್ನಡ ಮಾಸ್ತರ ಕೊಟ್ರೇಶ ಮಗಳ ಮುಂದೆ ವಹಿ ಕುಕ್ಕಿದ. ತಿರುಗಾಡಿದ್ದನ್ನು ಮನೆಮಂದಿಯೆಲ್ಲ ಸೇರಿ ಬರೆಯಲೆಂದು ತಂದ ವಹಿ. ನಾಲ್ಕು ತಿಂಗಳಲ್ಲಿ ಅವನು ಕಂಡಂತೆ ಸುಶ್ಮಿತಾ ಬರೆದದ್ದು ‘ಚಂದ ಇತ್ತು’ ಎಂಬ ಎರಡೇ ಮಾತು.

“ನಾ ನಿನ್ನೆನ ಬರದೇನಪ್ಪಾ.”

“ನಿನ್ನೆ?” ಕೊಟ್ರೇಶನ ಪಿತ್ತ ನೆತ್ತಿಗೇರಿತು. “ನೋಡೂಕಿಂತ ಮೊದ್ಲ ಏನ್ ಬರದಿ?”

“ಇಲ್ಲಿ ಬರ್ಕೋತ ಕುಂತ್ರ ಆಟ ಯಾವಾಗ ಆಡ್ಲಿ?” ಎಂದವಳೇ ಚಪ್ಪಲಿ ಬಿಟ್ಟು ಏರಿಯುದ್ದಕ್ಕೂ ಓಡಿದಳು. ಬುತ್ತಿಯ ಗಂಟು ಬಿಚ್ಚುತ್ತಿದ್ದ ಹೆಂಡತಿ ನೇತ್ರಾ ತಲೆ ತಗ್ಗಿಸಿ ನಗು ನುಂಗಿದಳು.

ನೋಡದೆ ಬರೆದದ್ದರಲ್ಲಿ ಎಷ್ಟು ಸುಳ್ಳಿದೆಯೋ ತೋರಿಸಿಯೇ ಬಿಡುತ್ತೇನೆಂದು ಅವನು ಕಿಸೆಯಿಂದ ಕೆಂಪು ಪೆನ್ನು ತೆಗೆದು ಪುಟ ತಿರುವಿದ. ಗುಂಡಗಿನ ಅಕ್ಷರದಲ್ಲಿ ನಾಲ್ಕು ಸಾಲುಗಳಿದ್ದವು: ‘ಡಂಬಳದ ಕೆರೆಗೆ ಹೋದೆವು. ಬುತ್ತಿ ಬಿಚ್ಚುವ ಮೊದಲೇ ಅಪ್ಪ ಬೈದರು. ಮುಂದಿನ ಐತವಾರ ಎಲ್ಲಿಗೂ ಇಲ್ಲ ಎಂದರು. ಅವ್ವ ನಗು ತಡೆದುಕೊಂಡಳು.’

ಕೆಂಪು ಪೆನ್ನಿಗೆ ತಿದ್ದಲು ಒಂದು ತಪ್ಪೂ ಸಿಗಲಿಲ್ಲ.