ಕೆಂಡಕ್ಕೆ ಬಿದ್ದ ಮೂಗುಬೊಟ್ಟು

ಎಣ್ಣೆನೀರು ಮುಗಿಸಿದ ಬಾಣಂತಿ ಶಾಂತಲಾ ಒದ್ದೆ ಕೂದಲನ್ನು ಸಾಂಬ್ರಾಣಿ ಹೊಗೆಗೆ ಹರಡಿಕೊಂಡು ಬಗ್ಗಿದ್ದಳು. ಎಣ್ಣೆಗೆ ತಿರುಪು ಸಡಿಲವಾಗಿತ್ತೋ ಏನೋ, ಮೂಗಿನ ವಜ್ರದ ಬೊಟ್ಟು ಜಾರಿ ನೇರವಾಗಿ ಇದ್ದಿಲ ಕೆಂಡದೊಳಕ್ಕೆ ಬಿತ್ತು.

"ಅಯ್ಯೋ, ನಮ್ಮವ್ವನ ಬೊಟ್ಟು!" ಅಜ್ಜಿ ವೆಂಕಟಲಕ್ಷ್ಮಮ್ಮ ಕೂಗಿಕೊಂಡಳು. ಜಕ್ಕೂರಿನ ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾದವು, ಈ ಒಂದು ಕಲ್ಲನ್ನು ಮಾತ್ರ ಆಕೆ ಬಿಟ್ಟುಕೊಟ್ಟಿರಲಿಲ್ಲ. ಮೊಮ್ಮಗಳ ಮೂಗಿನಿಂದ ಮರಿಮಗಳ ಮೂಗಿಗೆ ಹೋಗಬೇಕಾದದ್ದು. ಗಾಬರಿಯಲ್ಲಿ ಚೊಂಬಿನ ನೀರೆತ್ತಿದಳು.

"ನೀರು ಹಾಕ್ಬೇಡ ಅಜ್ಜಿ! ಕಾದ ಕಲ್ಲು ಬಿರುಕು ಬಿಡುತ್ತೆ. ಇಕ್ಕಳ ಕೊಡು, ಬೇಗ!" ಶಾಂತಲಾ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. ಕೆಂಡಗಳನ್ನು ಒಂದೊಂದಾಗಿ ಹೊರಗೆಳೆಯತೊಡಗಿದಳು.

"ಕಲ್ಲಿಗೇನಾಯ್ತದವ್ವ? ಚಿನ್ನ ಕರಗದಿದ್ರೆ ಸಾಕು."

"ಚಿನ್ನ ಕರಗೋವಷ್ಟು ಕಾವಿಲ್ಲ ಇಲ್ಲಿ. ನಂಗೆ ಭಯ ವಜ್ರದ್ದೇ. ಅದೂ ಇದ್ದಿಲೇ ಅಜ್ಜಿ, ಸುಟ್ಟುಹೋಗುತ್ತೆ."

ಬಾಣಂತಿಗೆ ಶೀತ ತಲೆಗೇರಿತೆಂದೇ ಅಜ್ಜಿ ಭಾವಿಸಿದಳು. "ವಜ್ರ ಇದ್ದಿಲಾ? ಯಾರಿಗೇಳ್ತೀಯ!"

"ಎರಡೂ ಕಾರ್ಬನ್ನೇ. ಪೆನ್ಸಿಲ್ ಕಡ್ಡಿನೂ ಅದೇ. ಪಾಪು ಕೆನ್ನೆಗೆ ನೀನಿಟ್ಟಿರೋ ಕಾಡಿಗೆನೂ ಅದೇ. ಒಳಗೆ ಕಣಗಳು ಕೈ ಕೈ ಹಿಡ್ಕೊಂಡಿರೋ ರೀತಿ ಬೇರೆ, ಅಷ್ಟೇ."

ಅಜ್ಜಿ ಮೂಲೆಯ ಇದ್ದಿಲ ಚೀಲ ನೋಡಿದಳು. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಕೆನ್ನೆ ನೋಡಿದಳು. ಹರಳೆಣ್ಣೆ ದೀಪಕ್ಕೆ ತಟ್ಟೆ ಕವುಚಿ ತಾನೇ ಹಿಡಿದ ಮಸಿ ಅದು. ಒಂದೇ ವಸ್ತು ಇಲ್ಲಿ ಬೆರಳಿಗೆ ಮೆತ್ತುತ್ತದೆ, ಅಲ್ಲಿ ಗಾಜು ಕೊಯ್ಯುತ್ತದೆ! ಎಂಥ ಸೋಜಿಗವಪ್ಪಾ ಎಂದು ಮೂಗಿನ ಮೇಲೆ ಬೆರಳಿಟ್ಟಳು. ಅದನ್ನು ತಿಳಿದುಕೊಂಡ ಮೊಮ್ಮಗಳ ಮೇಲೂ ಹೆಮ್ಮೆ ಉಕ್ಕಿತು.

ಕೊನೆಯ ಕೆಂಡ ತೆಗೆದಾಗ ಬೂದಿಯಲ್ಲಿ ಬೊಟ್ಟು ಸಿಕ್ಕಿತು. ಆರಿದ ಮೇಲೆ ಅಜ್ಜಿ ಸೆರಗಿನಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ಕಲ್ಲು ಎಂದಿನಂತೆ ಫಳಕ್ಕೆಂದಿತು. ಒಂದು ಅಂಚಿನಲ್ಲಿ ಮಾತ್ರ ಹೊಗೆ ಕವಿದಂಥ ಚಿಕ್ಕ ಮಸುಕು. ಶಾಂತಲಾ ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಇಷ್ಟು ವರ್ಷ ಕಾಪಾಡಿದ್ದೆ ಅಜ್ಜಿ. ನನ್ನ ಕೈಯಲ್ಲಿ ಕಲೆ ಆಗ್ಹೋಯ್ತಲ್ಲ." ಅವಳ ಕಣ್ಣು ತುಂಬಿ ಬಂತು.

ಅಜ್ಜಿ ಇನ್ನೊಮ್ಮೆ ಕೂಸಿನ ಕೆನ್ನೆಯ ಕಡೆ ತಿರುಗಿ ನೋಡಿ, ಬೊಚ್ಚುಬಾಯಿ ತೆರೆದು ನಕ್ಕಳು.

"ಅಳ್ಬ್ಯಾಡ ಬುಡವ್ವ. ಅದ್ರ ಕುಲದೋರೇ ಅದಕ್ಕೊಂದು ದೃಷ್ಟಿ ಬೊಟ್ಟು ಇಕ್ಕಿ ಕಳಿಸವ್ರೆ."