ಅವ್ವನ ದನಿ

ಹಂಪಿಹೊಳಿ ಮನೆತನದಲ್ಲಿ ಯಾರೇ ತೀರಿಕೊಂಡರೂ ದನಿಯನ್ನು ಮಣ್ಣು ಮಾಡುವ ರೂಢಿಯಿರಲಿಲ್ಲ. ಮನೆಯವರ ಪ್ರತಿಷ್ಠಾನ ಅದನ್ನು ತೆಗೆದಿಟ್ಟು ನಾಟಕದವರಿಗೋ ವಾರ್ತೆಯವರಿಗೋ ನೆರೆಯಲ್ಲಿ ಕೂಗಿ ಕೂಗಿ ದನಿ ಕಳೆದುಕೊಂಡವರಿಗೋ ದಾನ ಕೊಡುತ್ತಿತ್ತು. ಇವತ್ತು ವಿಶಾಲಾಕ್ಷಿಯ ಅವ್ವನ ದನಿಯ ಸರದಿ. ಗಂಟಲ ಬೇನೆಯಲ್ಲಿ ದನಿ ಕಳೆದುಕೊಂಡಿದ್ದ ರೇಡಿಯೊ ವಾರ್ತೆಯ ಶಮೀಮಾ ಅದನ್ನು ಗುಟುಕು ಗುಟುಕಾಗಿ ಕುಡಿದಳು.

ದನಿ ಪಡೆದವರು ಮೊಟ್ಟಮೊದಲು ಅದನ್ನು ಕೊಟ್ಟ ಮನೆಯವರ ಹೆಸರು ಹಿಡಿದು ಕರೆಯಬೇಕೆಂಬುದು ಅಲ್ಲಿನ ಪದ್ಧತಿ. ವಿಶಾಲಾಕ್ಷಿ ಕುತೂಹಲ ತಡೆಯಲಾರದೆ ಮುಂದೆ ಬಾಗಿದಳು.

"ವಿಶಾಲೂ ಅಂತ ಕರೀರಿ. ಸ್ವಲ್ಪ ಸಿಟ್ಟಿನಾಗ."

ಶಮೀಮಾ ಬಾಯಿ ತೆರೆದಳು. "ರುಬೀನಾ!"

ಥೇಟ್ ಅವ್ವನದೇ ದನಿ. ಎಳೆದು ಎಳೆದು ಕರೆದ ರೀತಿ ಮಾತ್ರ ಅವ್ವನದಲ್ಲ. ಅಂಗಳದಲ್ಲಿ ಆಡುತ್ತಿದ್ದ ಹುಡುಗಿ, ಎಂದೂ ಕೇಳಿರದ ಆ ದನಿಗೆ, "ಬಂದೆ ಅಮ್ಮೀ!" ಎಂದು ಓಡಿಬಂದಳು.

"ತಪ್ಪಾತ್ರಿ," ಎಂದಳು ಶಮೀಮಾ. "ಈಗ ನಿಮ್ಮನ್ನ ಕರೀತೀನಿ."

ವಿಶಾಲಾಕ್ಷಿ ಹುಡುಗಿಗೆ ದಾರಿ ಬಿಟ್ಟು ಬಾಗಿಲಿನಿಂದ ಸರಿದಳು.

"ಬ್ಯಾಡ ಬಿಡ್ರಿ. ಆ ದನಿಗೆ ಈಗ ಬ್ಯಾರೆ ಮಗಳು ಸಿಕ್ಕಾಳ."