ಶಟರ್ ಏಳುವ ಮುಂಚಿನ ಸಾಲು

“ಯಾವ ಮದರ್‌ಬೋರ್ಡಿಗೆ ಹಾಕ್ತೀರಾ ಸರ್ ಇದನ್ನ?”

ಹಿಂದಿನಿಂದ ಬಂದ ಪ್ರಶ್ನೆಗೆ ಎಂಜಿನಿಯರ್‌ನ ಬೆನ್ನು ನೆಟ್ಟಗಾಯಿತು. ಕೇಳಿದವನು ಕಪ್ಪು ಟೋಪಿಯವನು. ಬೆಳಗಿನಿಂದಲೂ ಏನಾದರೊಂದು ಕೆದಕುತ್ತಲೇ ಇದ್ದ.

“ಮನೇಲಿ ಹಳೇದೊಂದಿದೆ. ಅದಕ್ಕೇ ಹಾಕೋದು.”

ಹೇಳಿ ನಾಲಿಗೆ ಕಚ್ಚಿಕೊಂಡ. ಇಂದು ಮಾರಾಟಕ್ಕೆ ಬರುವ ಪ್ರೊಸೆಸರ್ ಹಳೆಯ ಬೋರ್ಡುಗಳಲ್ಲಿ ಕೂರುವುದೇ ಇಲ್ಲ. ಅದು ಬರುತ್ತದೆಂದು ತಿಂಗಳುಗಟ್ಟಲೆ ಕಾದ ಯಾವ ಅಭಿಮಾನಿಗೂ ಇಷ್ಟು ಗೊತ್ತಿರುತ್ತದೆ. ಟೋಪಿಯವನು ನಗಬೇಕಿತ್ತು. ನಗಲಿಲ್ಲ.

“ಹೌದೌದು, ನಾನೂ ಹಳೇದಕ್ಕೇ,” ಎಂದ.

ಬೇಕೆಂದೇ ಹೀಗಂದ, ನನ್ನನ್ನು ಪರೀಕ್ಷಿಸುತ್ತಿದ್ದಾನೆ. ಎಂಜಿನಿಯರ್ ಹಾಗೆಂದುಕೊಂಡು ಮುಖ ತಿರುಗಿಸಿದ. ಅವನು ಅಭಿಮಾನಿಯಾಗಿರಲಿಲ್ಲ. ಈ ಪ್ರೊಸೆಸರ್ ಮಾಡಿದವರ ಏಕೈಕ ಪ್ರತಿಸ್ಪರ್ಧಿ ಕಂಪನಿಯಲ್ಲಿ ವಿನ್ಯಾಸ ವಿಭಾಗದವನು.

ಅವನ ತಂಡದ ಪ್ರೊಸೆಸರ್ ಮುಕ್ಕಾಲು ಮುಗಿದಿತ್ತು. ವರ್ಷಗಟ್ಟಲೆ ಅದರದೇ ಧ್ಯಾನ. ಹೆಂಡತಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಈಗ ಅದನ್ನು ಮಾರುಕಟ್ಟೆಗೆ ಬಿಡುವುದೋ, ಅಲ್ಲಿಗೇ ಕೈಬಿಡುವುದೋ ಎಂಬ ತೀರ್ಮಾನ ನಿರ್ದೇಶಕಿಯ ಮೇಜಿನ ಮೇಲಿತ್ತು.

“ವೇಗ ಎಷ್ಟು, ಬಿಸಿ ಎಷ್ಟು ಅನ್ನೋದು ಲ್ಯಾಬ್‌ನಲ್ಲಿ ತಿಳಿಯತ್ತೆ,” ಎಂದಿದ್ದರು ಆಕೆ. “ನನಗೆ ಬೇಕಾಗಿರೋದು ಜನ. ಎಷ್ಟು ಹುಚ್ಚೆದ್ದಿದ್ದಾರೆ ಅಂತ ಸಾಲಲ್ಲಿ ನಿಂತು ನೋಡ್ಕೊಂಡು ಬಾ. ಒಂದು ಕೊಂಡ್ಕೊಂಡೂ ಬಾ. ಯಾರಿಗೂ ಬಾಯಿ ಬಿಡಬೇಡ.”

ಕೊನೆಯ ಮಾತನ್ನು ಹೇಳುವ ಅಗತ್ಯವೇ ಇರಲಿಲ್ಲ. ಐದು ಕಟ್ಟಡಗಳಲ್ಲಿ ಹರಡಿದ್ದ ಆ ಕಂಪನಿಯಲ್ಲಿ ಪಕ್ಕದ ವಿಭಾಗದವರ ಕೆಲಸ ಕೇಳುವುದೇ ಅಪರಾಧ. ಅವನ ಗುರುತಿನ ಚೀಟಿಗೆ ಅವನ ಮಹಡಿಯ ಬಾಗಿಲು ಬಿಟ್ಟರೆ ಬೇರೊಂದು ತೆರೆಯುತ್ತಿರಲಿಲ್ಲ.

ಮೊದಲ ದಿನದ ಸರಕು ಊರಿನಲ್ಲಿ ಈ ಒಂದೇ ಅಂಗಡಿಗೆ ಬಂದಿತ್ತು. ಶಟರ್ ಇನ್ನೂ ಎದ್ದಿರಲಿಲ್ಲ. ಸಾಲು ಮಾತ್ರ ಮೂಲೆಯ ಔಷಧಿ ಅಂಗಡಿಯನ್ನೂ ದಾಟಿತ್ತು. ಮೌಸ್ ಕೊಳ್ಳಲು ಬಂದ ಹೆಂಗಸೊಬ್ಬಳು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, “ನಿಮಗೆಲ್ಲ ಮಾಡೋಕೆ ಕೆಲಸ ಇಲ್ವೇನ್ರಪ್ಪಾ?” ಎಂದು ಹೊರಟುಹೋದಳು.

“ಇದೇ ನಮ್ಮ ಕೆಲಸ ಅಕ್ಕಾ!” ಎಂದು ಮುಂದಿದ್ದ ಕನ್ನಡಕದವನು ಕೂಗಿದ. ಯಾಕೋ ಕೆಲವರು ಕೆಮ್ಮಿದರು.

ಕನ್ನಡಕದವನು ಇದಕ್ಕಾಗಿ ಬೈಕ್ ಮಾರಿದ್ದನಂತೆ. ಅದನ್ನು ಕೇಳಿ ಅವನ ಹಿಂದಿದ್ದ ಕೆಂಪು ಚೀಲದಾಕೆಗೆ ಆವೇಶ ಬಂತು.

“ಮಾರಲೇಬೇಕು! ಇದರ ಮುಂದೆ ಆ ಇನ್ನೊಂದು ಕಂಪನೀದು ಒಂದು ಪ್ರೊಸೆಸರ್ರಾ? ಇಸ್ತ್ರಿ ಪೆಟ್ಟಿಗೆ! ಬಿಸಿಯಾಗೋದು ಬಿಟ್ರೆ ಇನ್ನೇನೂ ಬರಲ್ಲ ಅದಕ್ಕೆ.”

ಸಾಲಿಗೆ ಸಾಲೇ ನಕ್ಕಿತು. ಎಂಜಿನಿಯರ್ ತಡವಾಗಿ ನಕ್ಕ. ಟೋಪಿಯವನು ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಸುಮ್ಮನಿದ್ದರೆ ಅನುಮಾನ ಬರುತ್ತದೆ.

“ಇಸ್ತ್ರಿ ಪೆಟ್ಟಿಗೆಗೆ ಅವಮಾನ ಮಾಡ್ಬೇಡಿ ಮೇಡಂ,” ಎಂದ ಗಟ್ಟಿಯಾಗಿ. “ಅದು ಬಟ್ಟೆಯನ್ನಾದ್ರೂ ನೆಟ್ಟಗೆ ಮಾಡತ್ತೆ.”

ಚಪ್ಪಾಳೆ ಬಿತ್ತು. ಟೋಪಿಯವನು ಎಲ್ಲರಿಗಿಂತ ಜೋರಾಗಿ ತಟ್ಟಿ, ಆ ಕಂಪನಿ ಇನ್ನು ಬಾಗಿಲು ಹಾಕಿಕೊಳ್ಳುವುದೇ ವಾಸಿ ಎಂದ. ಅಲ್ಲಿಂದ ಮುಂದೆ ಮಾತು ಹಿಡಿತಕ್ಕೆ ಸಿಗಲಿಲ್ಲ. ಒಬ್ಬರನ್ನು ಮೀರಿಸಿ ಒಬ್ಬರು ಹೊಗಳಿದರು, ಒಬ್ಬರನ್ನು ಮೀರಿಸಿ ಒಬ್ಬರು ಬೈದರು.

ಶಟರ್ ಎದ್ದಿತು. ಗದ್ದಲ ಥಟ್ಟನೆ ಇಳಿಯಿತು. ಒಬ್ಬೊಬ್ಬರೂ ಒಂದೊಂದು ಪೆಟ್ಟಿಗೆ ಕೊಂಡು, ಬಿಚ್ಚಿ ನೋಡದೆ, ಒಂದು ಫೋಟೋ ಸಹ ತೆಗೆಯದೆ ಹೊರಟರು. ಎಂಜಿನಿಯರ್‌ನ ಸರದಿ ಬಂದಾಗ ಅಂಗಡಿಯವನು ಬೇಸತ್ತಿದ್ದ.

“ನಿಮಗೂ ಬಿಲ್ ಬೇಕಾ? ಏನ್ ಸರ್ ಇವತ್ತು, ಬಂದೋರೆಲ್ಲ ಬಿಲ್ ಬಿಲ್ ಅಂತೀರಾ!”

ಬೀದಿಗಿಳಿಯುವಷ್ಟರಲ್ಲಿ ನಿರ್ದೇಶಕಿಯ ಕರೆ.

ಜನವೇ ಇರಲಿಲ್ಲ ಎಂದಿದ್ದರೆ ಸಾಕಿತ್ತು, ಅವನ ಪ್ರೊಸೆಸರ್ ಬದುಕುತ್ತಿತ್ತು. ಆ ಮಾತು ತುಟಿಯವರೆಗೂ ಬಂತು. ಆದರೆ ತಪ್ಪು ಅಂಕಿಯನ್ನು ಅವನು ಎಂದೂ ಬರೆದವನಲ್ಲ.

“ಸಾಲು ಮೂಲೆ ದಾಟಿದೆ ಮೇಡಂ. ಹುಚ್ಚೆದ್ದಿದ್ದಾರೆ. ನಮ್ಮ ಹೆಸರು ತೆಗೆದ್ರೆ ನಗ್ತಾರೆ.”

ಆ ಕಡೆ ಕಾಗದ ಮಗುಚಿದ ಸದ್ದು.

“ನೀನೊಬ್ಬನೇ ಹೇಳಿದ್ರೆ ನಂಬ್ತಿರಲಿಲ್ಲ. ಕೇಳಿದ ಕಡೆಯೆಲ್ಲ ಇದೇ ಉತ್ತರ ಬರ್ತಿದೆ. ಆಯ್ತು ಬಿಡು. ನಮ್ಮದನ್ನ ನಿಲ್ಲಿಸೋಣ.”

ಅವನು ಕಚೇರಿ ತಲುಪುವ ಮೊದಲೇ ಆದೇಶ ತಲುಪಿತ್ತು. ತಂಡದವರು ಪರೀಕ್ಷಾ ಯಂತ್ರಗಳನ್ನು ಒಂದೊಂದಾಗಿ ಆಫ್ ಮಾಡುತ್ತಿದ್ದರು. ಯಾರೂ ಅವನ ಮುಖ ನೋಡಲಿಲ್ಲ. ಹೆಂಡತಿಗೆ ಫೋನ್ ಮಾಡಿ, “ನಿನ್ನ ಸವತಿ ಹೋದಳು,” ಎಂದ. ತಮಾಷೆ ಮಾಡಲು ಅವಳಿಗೂ ಆಗಲಿಲ್ಲ. “ಊಟ ಮಾಡಿದ್ರಾ?” ಎಂದಷ್ಟೇ ಕೇಳಿದಳು.

ಉಳಿದದ್ದು ಒಂದೇ ಕೆಲಸ. ಕೊಂಡು ತಂದದ್ದನ್ನು ಐದನೇ ಕಟ್ಟಡದ ನೆಲಮಾಳಿಗೆಗೆ ಒಪ್ಪಿಸಬೇಕಿತ್ತು. ಎದುರಾಳಿಗಳ ಸರಕನ್ನು ಬಿಚ್ಚಿ ನೋಡುವ ಕೋಣೆ ಅಲ್ಲಿತ್ತು. ಅವನು ಅಲ್ಲಿಗೆ ಹೋದದ್ದು ಅದೇ ಮೊದಲು. ಕಾವಲಿನವನು ಬಾಗಿಲು ತೆರೆದು ಕಾರಿಡಾರಿನ ತುದಿಗೆ ಕೈ ತೋರಿಸಿದ.

ಕೋಣೆಯ ಮುಂದೆ ಸಾಲಿತ್ತು. ಕನ್ನಡಕದವನು, ಕೆಂಪು ಚೀಲದಾಕೆ, ಅವರ ಹಿಂದೆ ಬೆಳಗಿನ ಮುಖಗಳೆಲ್ಲ. ಕೈಯಲ್ಲಿ ಬಿಚ್ಚದ ಪೆಟ್ಟಿಗೆ, ಕೊರಳಲ್ಲಿ ಇದೇ ಕಂಪನಿಯ ಬೇರೆ ಬೇರೆ ವಿಭಾಗಗಳ ಗುರುತಿನ ಚೀಟಿ. ಯಾರೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಕೊನೆಯಲ್ಲಿ ನಿಂತಿದ್ದವನು ತಿರುಗಿ ನೋಡಿ, ಕಪ್ಪು ಟೋಪಿ ತೆಗೆದು, ಒಂದು ಹೆಜ್ಜೆ ಹಿಂದೆ ಸರಿದ.

“ಬನ್ನಿ ಸರ್, ನೀವು ನನಗಿಂತ ಮುಂದಿದ್ರಿ.”